ಖನಿಜ ಬೇರೆ, ಕಲ್ಲು ಬೇರೆ

ನಮ್ಮ ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿ ತೋಟಕ್ಕೆ ನೆಡೋ ಕಲ್ಲುಕೂಚ ನೋಡಿರ್ತೀರಲ್ಲ, ಹೊಸದಾಗಿ ಸೀಳಿದ್ದು ಸಿಕ್ಕಿದ್ರೆ ಬಿಸಿಲಲ್ಲಿ ಹತ್ರ ಹೋಗಿ ನೋಡಿ. ದೂರಕ್ಕೆ ಬರೀ ಬೂದಿ ಬಣ್ಣ, ಹತ್ರ ಹೋದ್ರೆ ಮೂರು ಥರ ಕಾಳು. ಗಾಜಿನ ಚೂರಿನಂಗೆ ಇರೋದು ಬೆಣಚು, ಅಂದ್ರೆ ಕ್ವಾರ್ಟ್ಜ್. ಬಿಳೀದು ಇಲ್ಲಾ ತಿಳಿ ಗುಲಾಬಿ, ಮುಖ ಚಪ್ಪಟೆಯಾಗಿ ಹೊಳೆಯೋದು ಫೆಲ್ಡ್‌ಸ್ಪಾರ್. ಕಪ್ಪಗೆ ಮಿಂಚ್ತಾ, ಪಿನ್ನಲ್ಲಿ ಎಬ್ಬಿಸಿದ್ರೆ ಪದರ ಪದರ ಏಳೋದು ಅಭ್ರಕ, ಚಿಕ್ಕವರಿದ್ದಾಗ ಕಾಗೆಬಂಗಾರ ಅಂತ ಜೇಬಿಗೆ ತುಂಬ್ಕೊಳ್ತಿದ್ವಲ್ಲ ಅದೇ ಜಾತಿ. ಒಂದೊಂದು ಕಾಳೂ ಒಂದೊಂದು ಖನಿಜ, ಎಲ್ಲಾ ಬೆಸ್ಕೊಂಡಿರೋ ಕೂಚ ಶಿಲೆ, ಗ್ರಾನೈಟು.

ಖನಿಜ ಅಂದ್ರೆ ಪ್ರಕೃತಿಯಲ್ಲಿ ತಾನಾಗೇ ಆದ ಗಟ್ಟಿ ವಸ್ತು, ಅದರಲ್ಲಿ ಏನೇನು ಎಷ್ಟೆಷ್ಟಿದೆ ಅನ್ನೋದು ಹೆಚ್ಚುಕಮ್ಮಿ ಫಿಕ್ಸು, ಒಳಗೆ ಪರಮಾಣುಗಳು ಸಾಲು ಹಿಡಿದು ಕೂತಿರ್ತವೆ. ಉಪ್ಪು ಖನಿಜ. ಆಲಿಕಲ್ಲೂ ಲೆಕ್ಕಕ್ಕೆ ಖನಿಜನೇ! ಸಕ್ಕರೆ ಹರಳಾದ್ರೂ ಅಲ್ಲ, ಅದು ಕಬ್ಬಿಂದು.

ಪದ ಬಿಡಿಸಿದ್ರೆ ಖನಿ + ಜ, ಗಣಿಯಲ್ಲಿ ಹುಟ್ಟಿದ್ದು. ನಮ್ಮ 'ಗಣಿ' ಆ ಖನಿಯ ತದ್ಭವ. ಗೊಂದಲ ಶುರುವಾಗೋದೂ ಇಲ್ಲೇ, ಅಗೆದು ತೆಗೆದಿದ್ದೆಲ್ಲಾ ಖನಿಜ ಅನ್ಸತ್ತೆ, ಸರ್ಕಾರಿ ಕಾಗದದಲ್ಲಂತೂ ಕ್ರಷರ್ ಜಲ್ಲಿ, ಮರಳು ಎಲ್ಲಾ 'ಉಪಖನಿಜ'. ಜಿಯಾಲಜಿ ಓದಿದವರಿಗೆ ಜಲ್ಲಿ ಬರೀ ಶಿಲೆಯ ಚೂರು.

ಶಿಲೆಗಳಲ್ಲಿ ಮೂರು ಜಾತಿ. ಕುದಿಯೋ ಶಿಲಾಪಾಕ ಆರಿ ಗಟ್ಟಿಯಾದ್ರೆ ಅಗ್ನಿಶಿಲೆ. ನೆಲದಾಳದಲ್ಲಿ ನಿಧಾನಕ್ಕೆ ಆರಿದ್ರೆ ಕಾಳು ದಪ್ಪ, ನಮ್ಮ ಮಧುಗಿರಿ ಏಕಶಿಲೆ ಹಂಗೇ ಆಗಿದ್ದು, ಸುಮಾರು 250 ಕೋಟಿ ವರ್ಷದ ಹಿಂದೆ. ಮೇಲೆ ಬಂದು ಬೇಗ ಆರಿದ್ರೆ ಕಾಳು ಕಣ್ಣಿಗೇ ಕಾಣಲ್ಲ, ಬಸಾಲ್ಟ್ ಥರ. ನೀರಿನ ತಳದಲ್ಲಿ ಕೂತು ಗಟ್ಟಿಯಾದದ್ದು ಪದರಶಿಲೆ, ಅಡುಗೆಮನೆ ಶೆಲ್ಫಿಗೆ ಹಾಕೋ ಕಡಪ ಕಲ್ಲು ನೋಡಿ, ಅದೇ.

ಮೂರನೇದು ರೂಪಾಂತರ ಶಿಲೆ, ಕರಗದೇನೇ ಬರೀ ಬಿಸಿ, ಒತ್ತಡಕ್ಕೆ ಸಿಕ್ಕಿ ವೇಷ ಬದಲಾಯಿಸಿದ್ದು. ಇದಕ್ಕೆ ಕೆಜಿಎಫ್‌ಗಿಂತ ಒಳ್ಳೆ ಉದಾಹರಣೆ ಬೇಡ. ಅಲ್ಲಿನ ಕಪ್ಪು ಬಂಡೆ ಒಂದು ಕಾಲದಲ್ಲಿ ಲಾವಾ, ಆಮೇಲೆ ಹಿಂಡಿ ಹಿಪ್ಪೆಯಾಗಿ ಶಿಸ್ಟ್ ಅನ್ನೋ ಪದರ ಪದರದ ಕಲ್ಲಾಯ್ತು, ಅದರ ಬಿರುಕಲ್ಲಿ ಬೆಣಚು ತುಂಬ್ಕೊಳ್ತು, ಬೆಣಚಿನ ಜೊತೆ ಚಿನ್ನ. ಚಿನ್ನವೂ ಖನಿಜ, ಬೆಣಚೂ ಖನಿಜ, ಸುತ್ತ ಇರೋದು ಶಿಲೆ. ಇದಕ್ಕೋಸ್ಕರ 3 ಕಿಲೋಮೀಟರಿಗಿಂತ ಆಳಕ್ಕೆ ಇಳಿದ್ರು, 2001ರಲ್ಲಿ ಮುಚ್ಚಿದ್ರು. ಕಲ್ಲನ್ನ ಹಿಟ್ಟಿನಂಗೆ ಅರೆದು, ಸಯನೈಡ್ ಹಾಕಿ ಚಿನ್ನ ತೆಗೆದ್ಮೇಲೆ ಉಳಿದ ಪುಡಿನೇ ಈಗ ಊರ ಪಕ್ಕ ಸಯನೈಡ್ ಗುಡ್ಡ ಆಗಿ ನಿಂತಿರೋದು, ಜೋರು ಗಾಳಿ ಬಂದ್ರೆ ಮನೆ ಒಳಕ್ಕೂ ಬರತ್ತೆ.