ಪೊಳ್ಳು ಬೆದರಿಕೆಯ ಲೆಕ್ಕ

"ಹಠ ಮಾಡಿದ್ರೆ ಇಲ್ಲೇ ಬಿಟ್ಟು ಹೋಗ್ತೀನಿ ನೋಡು" ಅಂತ ಬಸ್ ಸ್ಟ್ಯಾಂಡಿನಲ್ಲಿ ಅಮ್ಮ ಗದರುತ್ತಾಳೆ. ಮಗು ಜಗ್ಗುವುದಿಲ್ಲ. ಅಮ್ಮ ಬಿಟ್ಟು ಹೋಗಲ್ಲ ಅಂತ ಅದಕ್ಕೆ ಚೆನ್ನಾಗಿ ಗೊತ್ತು. ಇದನ್ನೇ ಗಣಿತಕ್ಕೆ ಇಳಿಸಿದವರು ಜರ್ಮನಿಯ ಅರ್ಥಶಾಸ್ತ್ರದ ಪ್ರೊಫೆಸರ್ ರೈನ್‌ಹಾರ್ಡ್ ಸೆಲ್ಟನ್. 1994ರಲ್ಲಿ ಜಾನ್ ನ್ಯಾಶ್, ಜಾನ್ ಹರ್ಸಾನಿ ಜೊತೆ ಇವರಿಗೂ ನೊಬೆಲ್ ಬಂತು.

ಹುಟ್ಟಿದ್ದು 1930ರಲ್ಲಿ, ಬ್ರೆಸ್ಲಾವ್‌ನಲ್ಲಿ. ಆ ಊರು ಈಗ ಪೋಲೆಂಡಿನಲ್ಲಿದೆ. ಅಪ್ಪ ಯಹೂದಿ, ಕಣ್ಣು ಕಾಣುತ್ತಿರಲಿಲ್ಲ. ನಾಜಿಗಳ ಕಾಲ, ಹಾಗಾಗಿ 14ನೇ ವಯಸ್ಸಿಗೇ ಹುಡುಗ ಶಾಲೆ ಬಿಡಬೇಕಾಯಿತು. ಊರು ಬಿಟ್ಟು ಓಡಿದ ಮೇಲೆ ಹೊಲದಲ್ಲಿ ಕೂಲಿ ಮಾಡಿದ. ಯುದ್ಧ ಮುಗಿದ ಮೇಲೆ ಮತ್ತೆ ಓದು. ಶಾಲೆಗೆ ಹೋಗಿ ಬರಲು ಸುಮಾರು ಮೂರೂವರೆ ಗಂಟೆ ನಡಿಗೆ, ಆ ದಾರಿಯುದ್ದಕ್ಕೂ ತಲೆಯಲ್ಲೇ ರೇಖಾಗಣಿತ, ಬೀಜಗಣಿತದ ಲೆಕ್ಕ ಬಿಡಿಸುತ್ತಾ ಹೋಗುತ್ತಿದ್ದನಂತೆ. ಸರ್ಕಾರ ಹೇಳಿದ್ದನ್ನಾಗಲಿ, ಸುತ್ತಲಿನ ಜನ ನಂಬಿದ್ದನ್ನಾಗಲಿ ಸುಮ್ನೆ ಒಪ್ಪದೆ ತಾನೇ ಯೋಚಿಸುವುದನ್ನು ಕಲಿತದ್ದೂ ಆ ದಿನಗಳಲ್ಲೇ.

ಈಗ ಲೆಕ್ಕಕ್ಕೆ ಬರೋಣ. ಊರಲ್ಲಿ ಒಂದು ದೊಡ್ಡ ಅಂಗಡಿ ಇದೆ. "ಇಲ್ಲಿ ಅಂಗಡಿ ಹಾಕಿದರೆ ರೇಟು ಇಳಿಸಿ ನಿನ್ನ ಮುಳುಗಿಸ್ತೀನಿ" ಅಂತ ಹೊಸಬನನ್ನು ಅದರ ಮಾಲೀಕ ಹೆದರಿಸುತ್ತಾನೆ. ಹೊಸಬ ನಂಬಿ ದೂರ ಉಳಿದರೆ ಅದೂ ಒಂದು ಸಮತೋಲನವೇ, ಅಂದರೆ ಒಬ್ಬನೇ ತನ್ನ ನಡೆ ಬದಲಿಸಿದರೆ ಯಾರಿಗೂ ಲಾಭವಾಗದ ಸ್ಥಿತಿಯೇ, ಅನ್ನುತ್ತದೆ ನ್ಯಾಶ್ ಸಿದ್ಧಾಂತ. 1965ರಲ್ಲಿ ಸೆಲ್ಟನ್ ತಂದ ಯೋಚನೆ ಬೇರೆ: ಹೊಸಬ ಬಂದೇಬಿಟ್ಟ ಅಂತಿಟ್ಟುಕೊಳ್ಳಿ. ಆಗ ರೇಟು ಇಳಿಸಿದರೆ ಮಾಲೀಕನಿಗೂ ನಷ್ಟ, ವ್ಯಾಪಾರ ಹಂಚಿಕೊಂಡರೇ ಲಾಭ ಜಾಸ್ತಿ, ಅಲ್ವಾ? ಅಂದರೆ ಬೆದರಿಕೆ ಪೊಳ್ಳು. ಇಂಥ ಪೈಪೋಟಿಗೆ ಅರ್ಥಶಾಸ್ತ್ರದಲ್ಲಿ 'ಆಟ' ಅನ್ನುತ್ತಾರೆ. ಆಟವನ್ನು ಕೊನೆಯಿಂದ ಹಿಂದಕ್ಕೆ ನೋಡುತ್ತಾ ಬಂದರೆ ಇಂಥ ಪೊಳ್ಳೆಲ್ಲ ಉದುರಿಹೋಗುತ್ತದೆ.

ಆದರೆ ನನಗೆ ತುಂಬಾ ಇಷ್ಟವಾಗುವುದು ಇದಾದ ಮೇಲಿನ ಕಥೆ. 1978ರಲ್ಲಿ ಅವರೇ ಒಂದು ಕಗ್ಗಂಟು ಮುಂದಿಟ್ಟರು. ಒಬ್ಬನೇ ಮಾಲೀಕ, 20 ಊರುಗಳಲ್ಲಿ ಅಂಗಡಿ, ಒಂದೊಂದು ಊರಲ್ಲೂ ಸರದಿಯಂತೆ ಒಬ್ಬ ಹೊಸಬ. 20ನೇ ಊರಲ್ಲಿ ಜಗಳಕ್ಕಿಳಿದು ಪ್ರಯೋಜನವಿಲ್ಲ, ಮುಂದೆ ಹೆದರಿಸಬೇಕಾದವರು ಯಾರೂ ಉಳಿದಿಲ್ಲ. ಕೊನೆಯ ಊರಲ್ಲಿ ಜಗಳವಿಲ್ಲ ಅಂತ ಎಲ್ಲರಿಗೂ ಗೊತ್ತಿದ್ದ ಮೇಲೆ 19ನೇ ಊರಲ್ಲೂ ಜಗಳದಿಂದ ಪ್ರಯೋಜನ ಇಲ್ಲ, 18ರಲ್ಲೂ ಇಲ್ಲ, ಕೊನೆಗೆ ಮೊದಲ ಊರಲ್ಲೂ ಇಲ್ಲ. ತರ್ಕದಲ್ಲಿ ಒಂದು ಬಿರುಕೂ ಕಾಣುವುದಿಲ್ಲ. ಆದರೂ, ಆ ಮಾಲೀಕ ನಾನಾಗಿದ್ದರೆ ಈ ತರ್ಕ ಬಿಟ್ಟು ಹೆದರಿಸುವ ದಾರಿಯನ್ನೇ ಹಿಡಿಯುತ್ತಿದ್ದೆ ಎಂದು ಸೆಲ್ಟನ್ ಬರೆದರು. ತಾನೇ ಕಟ್ಟಿದ ಸಿದ್ಧಾಂತದ ಬಗ್ಗೆ ಹೀಗೆ ಹೇಳಲು ಎಂಥ ಪ್ರಾಮಾಣಿಕತೆ ಬೇಕು!

ಮನುಷ್ಯರು ನಿಜಕ್ಕೂ ಹೇಗೆ ನಿರ್ಧರಿಸುತ್ತಾರೆ ಅನ್ನುವುದನ್ನು ಕೂತು ಯೋಚಿಸಿದರೆ ಸಾಲದು, ನೋಡಬೇಕು. 1984ರಲ್ಲಿ ಬಾನ್ ವಿಶ್ವವಿದ್ಯಾಲಯಕ್ಕೆ ಬಂದವರು ಅಲ್ಲಿ ಅದಕ್ಕೆಂದೇ ಒಂದು ಪ್ರಯೋಗಾಲಯ ಶುರುಮಾಡಿದರು. ಜನರನ್ನು ಕೂರಿಸಿ, ಇಂಥ ಆಟಗಳನ್ನು ನಿಜವಾದ ದುಡ್ಡಿಟ್ಟು ಆಡಿಸಿ, ಯಾರು ಏನು ಮಾಡುತ್ತಾರೆ ಅಂತ ನೋಡುವ ಜಾಗ ಅದು.