ಮಾಲೀಕರ ಜಾಗ, ಊರಿನ ಕಟ್ಟೆ: ನ್ಯೂಯಾರ್ಕಿನ ಖಾಸಗಿ ಪ್ಲಾಜಾಗಳು

ನಗರ ಯೋಜನೆ ಓದುವವರಿಗೆ ಜಾಸ್ತಿ ಗೊಂದಲ ಮಾಡುವ ವಿಷಯ ಇದು. ಜಾಗ ಖಾಸಗಿಯವರದ್ದು, ಆದರೆ ಯಾರು ಬೇಕಾದರೂ ಬಂದು ಕೂರಬಹುದು. ಇದು ಮಾಲೀಕರು ಮಾಡಿದ ದಾನ ಅಲ್ಲ, ವ್ಯವಹಾರ. ಇಷ್ಟು ಹಿಡಿದುಕೊಂಡರೆ ಉಳಿದದ್ದು ಸಲೀಸು.

1958ರಲ್ಲಿ ಪಾರ್ಕ್ ಅವೆನ್ಯೂನಲ್ಲಿ ಸೀಗ್ರಾಮ್ ಕಟ್ಟಡ ಮುಗಿಯಿತು. ರಸ್ತೆಯಿಂದ ಹಿಂದೆ ಸರಿದು, ಮುಂದೆ ದೊಡ್ಡ ಅಂಗಳ ಬಿಟ್ಟಿತ್ತು. ಅಂಥ ಅಂಗಳಗಳು ಇನ್ನೂ ಬರಲಿ ಎಂದು ನಗರದವರು 1961ರ ಝೋನಿಂಗ್ ನಿಯಮದಲ್ಲಿ (ಎಲ್ಲಿ ಏನು, ಎಷ್ಟು ಕಟ್ಟಬಹುದು ಎನ್ನುವ ನಿಯಮ) ಬಿಲ್ಡರ್‌ಗಳಿಗೆ ಬೋನಸ್ ಇಟ್ಟರು. ಅತಿ ದಟ್ಟ ವಲಯದಲ್ಲಿ 1 ಚದರಡಿ ಪ್ಲಾಜಾ, ಅಂದರೆ ಇಂಥ ತೆರೆದ ಅಂಗಳ, ಬಿಟ್ಟರೆ 10 ಚದರಡಿ ಹೆಚ್ಚು ಕಟ್ಟಬಹುದಿತ್ತು. 5,000 ಚದರಡಿ ಅಂಗಳಕ್ಕೆ 50,000 ಚದರಡಿ, ಅದೂ ಬಾಡಿಗೆ ತರುವ ಜಾಗ! ಮಿತಿಯೂ ಇತ್ತು: ನಿವೇಶನದ ವಿಸ್ತೀರ್ಣದ 15 ಪಟ್ಟು ಕಟ್ಟಬಹುದಾದ ಕಡೆ 18 ಪಟ್ಟಿನವರೆಗೆ ಮಾತ್ರ. ಆ ಹೆಚ್ಚುವರಿ ಎತ್ತರದ ನೆರಳನ್ನೂ ಜನಜಂಗುಳಿಯನ್ನೂ ಹೊತ್ತವರು ಊರಿನ ಜನ. ಅಂದರೆ ಪ್ಲಾಜಾದ ಬೆಲೆಯನ್ನು ಅವರು ಆಗಲೇ ಕೊಟ್ಟಿದ್ದಾರೆ, ಅಲ್ವಾ?

ಆದರೆ ನಿಯಮ ಬರೆದವರು ಕೂರುವ ಜಾಗ ಕೇಳಲೇ ಇಲ್ಲ. ಸುಮ್ನೆ ಕಲ್ಲು ಹಾಸಿದ ಬಯಲುಗಳು ಬಂದವು. ಕೆಲವರು ಕಟ್ಟೆಯ ಅಂಚಿಗೆ ಕಬ್ಬಿಣದ ಮುಳ್ಳು ಕೂಡ ಹೊಡೆಸಿದರು.

ಇಲ್ಲಿ ವಿಲಿಯಂ ವೈಟ್ ಎಂಬ ಹೆಸರು ಮರೆಯಬೇಡಿ. 1970ರ ದಶಕದಲ್ಲಿ ಅವರು ಪ್ಲಾಜಾಗಳ ಮೇಲೆ ಕ್ಯಾಮೆರಾ ಇಟ್ಟು, ಜನ ಎಲ್ಲಿ ಕೂರುತ್ತಾರೆ, ಎಲ್ಲಿ ನಿಂತು ಮಾತಾಡುತ್ತಾರೆ ಎಂದು ನೋಡುತ್ತಾ ಹೋದರು. ಕಂಡದ್ದು ಬಹಳ ಸರಳ: ಕೂರಲು ಜಾಗ ಇದ್ದ ಕಡೆ ಜನ ಕೂರುತ್ತಾರೆ. ಎತ್ತಿಡಬಹುದಾದ ಕುರ್ಚಿ ಇದ್ದರೆ ಕೂರುವ ಮೊದಲು ಅದನ್ನು ಚೂರು ಸರಿಸುತ್ತಾರೆ, ಸರಿಸುವ ಅಗತ್ಯ ಇಲ್ಲದಿದ್ದರೂ. ಈ ಚಿಕ್ಕ ಗಮನಿಕೆ ನನಗೆ ತುಂಬಾ ಇಷ್ಟ. ಮನುಷ್ಯರನ್ನು ಪ್ರೀತಿಯಿಂದ ನೋಡಿದವರಿಗೆ ಮಾತ್ರ ಇದು ಕಾಣುತ್ತದೆ. ಅವರ ಕೆಲಸದಿಂದ 1975ರಲ್ಲಿ ನಿಯಮ ಬದಲಾಯಿತು: ಪ್ರತಿ 30 ಚದರಡಿ ಪ್ಲಾಜಾಕ್ಕೆ 1 ಅಡಿ ಉದ್ದದ ಆಸನ ಕಡ್ಡಾಯ.

ಹಳೆಯವು ಹಾಗೇ ಉಳಿದವು. 2000ದಲ್ಲಿ ನಗರ ಯೋಜನೆಯ ಪ್ರಾಧ್ಯಾಪಕ ಜೆರಾಲ್ಡ್ ಕೇಡನ್ ಮತ್ತು ಜೊತೆಗಾರರು ಇಂಥ 503 ಜಾಗಗಳ ಲೆಕ್ಕ ತೆಗೆದಾಗ, 41% ಜಾಗಗಳಿಂದ ಜನರಿಗೆ ಹೆಚ್ಚೇನೂ ಉಪಯೋಗವಿಲ್ಲ ಎಂದು ತಿಳಿಯಿತು.

ಪರೀಕ್ಷೆಯಲ್ಲಿ ಉದಾಹರಣೆ ಕೇಳಿದರೆ ಝುಕೋಟಿ ಪಾರ್ಕ್ ಬರೆಯಿರಿ; ಹೆಸರಿಗೆ ಪಾರ್ಕ್, ಆದರೆ ಇಂಥದೇ ಖಾಸಗಿ ಜಾಗ. 2011ರ ಸೆಪ್ಟೆಂಬರ್ 17ರಂದು ವಾಲ್ ಸ್ಟ್ರೀಟ್ ವಿರುದ್ಧದ ಪ್ರತಿಭಟನೆ ನೆಲೆ ನಿಂತದ್ದು ಅಲ್ಲಿ. ನಗರದ ಸ್ವಂತ ಉದ್ಯಾನಗಳಿಗೆ ರಾತ್ರಿ ಬೀಗ ಬೀಳುತ್ತದೆ. ಈ ಖಾಸಗಿ ಜಾಗವನ್ನಾದರೋ 24 ಗಂಟೆಯೂ ತೆರೆದಿಡಬೇಕಿತ್ತು! ನವೆಂಬರ್ 15ರಂದು ಪೊಲೀಸರು ತೆರವು ಮಾಡಿದರು. ಡೇರೆ ಹಾಕಬಾರದು ಎಂಬ ಮಾಲೀಕರ ನಿಯಮವನ್ನು ನ್ಯಾಯಾಲಯ ಒಪ್ಪಿತು. ಆ ನಿಯಮ ಬಂದದ್ದು ಜನ ಬಂದು ಕೂತ ಮೇಲೆ.