‘ಅಂಚಿನ ಜನ’ ಅಂದರೆ ಯಾವ ಅಂಚು?

ಕನ್ನಡ ಎಂ.ಎ. ತರಗತಿಯಲ್ಲಿ ಒಂದು ವಾರ ಕೂತರೆ ಸಾಕು, ‘ಅಂಚಿನ ಸಮುದಾಯ’ ಅನ್ನುವ ಮಾತು ಹತ್ತು ಸಲವಾದರೂ ಕಿವಿಗೆ ಬೀಳುತ್ತದೆ. ಸೆಮಿನಾರಿನ ಬ್ಯಾನರಿನಲ್ಲಿ ಅದೇ, ಪರೀಕ್ಷೆಯ ಹತ್ತು ಅಂಕದ ಪ್ರಶ್ನೆಯಲ್ಲೂ ಅದೇ. ಇಂಗ್ಲಿಷಿನ ‘ಮಾರ್ಜಿನಲೈಸ್ಡ್’ ಪದಕ್ಕೆ ನಾವು ಮಾಡಿಕೊಂಡ ಕನ್ನಡ ಇದು. ಜಾತಿ, ಲಿಂಗ, ಬಡತನ, ಕಸುಬು ಹೀಗೆ ಏನೋ ಒಂದನ್ನು ಮುಂದೆ ಮಾಡಿ ಯಾರನ್ನು ಭೂಮಿ, ಓದು, ಅಧಿಕಾರ, ಮರ್ಯಾದೆಯಿಂದ ದೂರ ಇಟ್ಟಿದ್ದಾರೋ ಅವರು ಅಂತ ಅರ್ಥ. ದಲಿತರು, ಅಲೆಮಾರಿಗಳು, ಕಾಡಿನ ಜನ, ಉತ್ತರ ಕನ್ನಡದ ಸಿದ್ದಿಗಳು, ಲಿಂಗತ್ವ ಅಲ್ಪಸಂಖ್ಯಾತರು ಎಲ್ಲರೂ ಇದರೊಳಗೇ. ಚೀಲ ದೊಡ್ಡದು, ಎಷ್ಟು ತುಂಬಿದರೂ ಹಿಡಿಯುತ್ತದೆ.

ಮಾರ್ಜಿನ್ ಅಂದರೆ ನಮಗೆ ಮೊದಲು ಗೊತ್ತಾಗಿದ್ದು ಶಾಲೆಯಲ್ಲಿ. ನೋಟ್‌ಬುಕ್ಕಿನ ಎಡಗಡೆ ಸ್ಕೇಲ್ ಇಟ್ಟು ಗೆರೆ ಎಳೆಯಬೇಕು. ಗೆರೆಯ ಆಚೆ ಪ್ರಶ್ನೆಯ ನಂಬರು ಮಾತ್ರ. ಉತ್ತರದ ಒಂದಕ್ಷರ ಆ ಕಡೆ ದಾಟಿದರೂ ಬೈಗುಳ ಗ್ಯಾರಂಟಿ. ಮೇಷ್ಟ್ರು ಮಾತ್ರ ಅಲ್ಲಿ ಕೆಂಪು ಪೆನ್ನಿನಲ್ಲಿ ಏನು ಬೇಕಾದರೂ ಬರೆಯಬಹುದಿತ್ತು. ಹಾಳೆ ಕೊಂಡು ತಂದಾಗ ಆ ಗೆರೆ ಇರಲಿಲ್ಲ, ನಾವೇ ಎಳೆದದ್ದು.

ಕನ್ನಡದ ‘ಅಂಚು’ ಹಾಗಲ್ಲ. ಸೀರೆ ಅಂಗಡಿಯಲ್ಲಿ ಅಮ್ಮ ಮೊದಲು ಕೈಯಿಟ್ಟು ನೋಡುವುದೇ ಅಂಚನ್ನು. ಇಳಕಲ್ ಸೀರೆಯನ್ನು ದೂರದಿಂದ ಗುರುತು ಹಿಡಿಯುವುದೇ ಅದರ ಅಂಚು, ಸೆರಗಿನಿಂದ. ಹಾಗಾಗಿ ‘ಅಂಚಿನ ಜನ’ ಅಂದಾಗ ನನಗೆ ಸುಮ್ನೆ ಒಂದು ಚಂದದ ಸೀರೆ ಕಣ್ಣಮುಂದೆ ಬಂದುಬಿಡುತ್ತದೆ. ಆ ಮಾತಿನೊಳಗೆ ಇರಬೇಕಾದ ಹಿಂಸೆ ಬರುವುದಿಲ್ಲ.

ಹಿಂಸೆ ಕಾಣಲಿ ಅಂತಲೋ ಏನೋ ಕೆಲವರು ‘ಅಂಚಿಗೆ ತಳ್ಳಲ್ಪಟ್ಟವರು’ ಅಂತ ಬರೆಯುತ್ತಾರೆ. ಇದರಲ್ಲಿ ಬೇರೆ ತೊಂದರೆ ಇದೆ. ಮನೆಯಲ್ಲಿ ಯಾರಾದರೂ ‘ತಳ್ಳಲ್ಪಟ್ಟೆ’ ಅಂತಾರಾ? ‘ಅವನು ತಳ್ಳಿದ’ ಅಂತಾರೆ. ‘ಲ್ಪಟ್ಟ’ ಬಂತು ಅಂದರೆ ತಳ್ಳಿದವನು ವಾಕ್ಯದಿಂದ ಮೆಲ್ಲಗೆ ಜಾರಿಕೊಂಡ ಅಂತಲೇ ಲೆಕ್ಕ.

ಇದರ ಅಕ್ಕಪಕ್ಕದ ಪದಗಳೂ ಇವೆ. ‘ತಳಸಮುದಾಯ’ ಅನ್ನುವುದು ಮೇಲು ಕೀಳಿನ ಲೆಕ್ಕ. ‘ಸಬಾಲ್ಟರ್ನ್’ ಮೂಲದಲ್ಲಿ ಸೈನ್ಯದ ಕಿರಿಯ ಅಧಿಕಾರಿಯ ಹೆಸರು. ಅಧಿಕಾರವಿಲ್ಲದೆ ಕೆಳಗೆ ಉಳಿದ ಜನ ಅನ್ನುವ ಅರ್ಥದಲ್ಲಿ ಅದು ಇಟಲಿಯ ಮಾರ್ಕ್ಸ್‌ವಾದಿ ಚಿಂತಕ ಗ್ರಾಂಶಿ ಜೈಲಿನಲ್ಲಿ ಬರೆದ ಟಿಪ್ಪಣಿಗಳಿಂದ ಹೊರಟು, 1982ರಲ್ಲಿ ಇತಿಹಾಸಕಾರ ರಣಜಿತ್ ಗುಹಾ ಶುರು ಮಾಡಿದ ‘ಸಬಾಲ್ಟರ್ನ್ ಸ್ಟಡೀಸ್’ ಸಂಪುಟಗಳ ಮೂಲಕ ನಮ್ಮ ಕಡೆ ಬಂತು. ‘ದಲಿತ’ ಇವೆಲ್ಲದರಿಂದ ಬೇರೆ, ಯಾಕೆಂದರೆ ಅದು ಆ ಜನ ತಾವೇ ಆರಿಸಿ ಇಟ್ಟುಕೊಂಡ ಹೆಸರು. 1973ರಲ್ಲಿ ಮಂತ್ರಿಯಾಗಿದ್ದ ದಲಿತ ನಾಯಕ ಬಿ. ಬಸವಲಿಂಗಪ್ಪ ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಜಾಸ್ತಿ ಅಂದರು. ಗಲಾಟೆಯಾಗಿ ಅವರ ಮಂತ್ರಿಗಿರಿಯೇ ಹೋಯಿತು. ಆಮೇಲೆ ‘ದಲಿತ’ ಅನ್ನುವ ಹೆಸರು ಹೊತ್ತ ಸಂಘಟನೆಯೂ ಸಾಹಿತ್ಯವೂ ಇಲ್ಲಿ ಜೋರಾಗಿ ಬೆಳೆದವು.

‘ಅಂಚು’ ಪದದ ನಿಜವಾದ ಪರೀಕ್ಷೆ ನಾನು ನೋಡಿದ್ದು ನಮ್ಮ ವಿಶ್ವವಿದ್ಯಾಲಯದ ಓದುಕೂಟದಲ್ಲಿ. ಶನಿವಾರ ಮಧ್ಯಾಹ್ನ ಏಳೆಂಟು ಜನ ಸೇರುತ್ತಿದ್ದೆವು. ಕಾರಂತರ ‘ಚೋಮನ ದುಡಿ’ ಓದಿದ ದಿನ ಚರ್ಚೆ ಸಲೀಸಾಗಿ ನಡೆಯಿತು. 1933ರ ಕಾದಂಬರಿ. ತುಂಡು ಭೂಮಿಯಲ್ಲಿ ತಾನೇ ಬೇಸಾಯ ಮಾಡಬೇಕು ಅನ್ನುವುದು ಚೋಮನ ಆಸೆ, ಅದಕ್ಕೆ ಅವನ ಜಾತಿಯೇ ಅಡ್ಡ. ಅವನ ಸಂಕಟ ನಮಗೆ ತಲುಪುವುದು ಕಾರಂತರ ಕನ್ನಡದಲ್ಲಿ, ಇಲ್ಲವೇ ಅವನು ಬಾರಿಸುವ ದುಡಿಯ ಸದ್ದಿನಲ್ಲಿ. ಸಂಶೋಧನೆ ಮಾಡುತ್ತಿದ್ದ ಹಿರಿಯರೊಬ್ಬರು ‘ಅಂಚಿನ ಬದುಕಿನ ಚಿತ್ರಣ’ ಅಂತ ಮಾತು ಮುಗಿಸುವಷ್ಟರಲ್ಲಿ ನಂಜನಗೂಡು ಕಡೆಯ ಹುಡುಗಿ ತಡೆದಳು.

“ಅಣ್ಣ, ಅಂಚು ಅಂತೀರಲ್ಲ, ಯಾರ ಅಂಚು? ನಮ್ಮ ಕೇರೀಲಿ ನಿಂತು ನೋಡಿದ್ರೆ ನಿಮ್ಮನೇನೇ ಆಚೆ ಕಾಣ್ತದೆ.”

ಆಮೇಲೆ ಅವಳು ಇನ್ನೊಂದು ಹೇಳಿದಳು. ಅವಳ ಅಜ್ಜಿ ಅಂಗಡಿಗೆ ಹೊರಟಾಗ ‘ಊರೊಳಕ್ಕೆ ಹೋಗ್ಬುಟ್ಟು ಬತ್ತೀನಿ’ ಅಂತಾರಂತೆ. ಹುಟ್ಟಿ ಬೆಳೆದದ್ದು ಅದೇ ಊರು. ಆದರೂ ಊರು ಬೇರೆ, ಕೇರಿ ಬೇರೆ. ನಡುವೆ ಇರುವುದು ಒಂದು ರಸ್ತೆ. ‘ಊರು-ಕೇರಿ’ ಅನ್ನುವ ಈ ಜೋಡಿ ಮಾತು ನಮ್ಮಲ್ಲಿ ಮೊದಲಿಂದ ಇದೆ. ಯಾರು ಎಲ್ಲಿ ನಿಂತಿದ್ದಾರೆ ಅಂತ ಅದು ನೇರವಾಗಿ ಹೇಳಿಬಿಡುತ್ತದೆ, ಅಲ್ವಾ?

ಮುಂದಿನ ವಾರ ದೇವನೂರ ಮಹಾದೇವ ಅವರ ‘ಒಡಲಾಳ’. ಅದರ ಸಾಕವ್ವನಿಗೆ ಕಳೆದುಹೋದ ಹುಂಜದ್ದೇ ಚಿಂತೆ. ತಾನು ಯಾವುದೋ ಅಂಚಿನಲ್ಲಿ ಇದ್ದೇನೆ ಅಂತ ಯೋಚಿಸಲು ಅವಳಿಗೆ ಪುರುಸೊತ್ತಿಲ್ಲ. ಅದಾದ ಮೇಲೆ ಅವರದೇ ‘ಕುಸುಮಬಾಲೆ’. ಇಲ್ಲಿ ಪಾತ್ರಗಳಷ್ಟೇ ಅಲ್ಲ, ಕತೆ ಹೇಳುವ ದನಿಯೂ ನಂಜನಗೂಡು ಸೀಮೆಯ ಆಡುಮಾತೇ. ಆ ಹುಡುಗಿ ಗಟ್ಟಿಯಾಗಿ ಓದುತ್ತಾ ಹೋದಳು. ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಬಂದ ನಾವು ನಾಲ್ಕು ಜನ ಸಾಲಿಗೊಂದು ಸಲ ‘ಹಂಗಂದ್ರೆ?’ ಅಂತ ಕೇಳುತ್ತಾ ಕೂತೆವು. ಎರಡು ಗಂಟೆಯಲ್ಲಿ ಆರು ಪುಟ ದಾಟಲಿಲ್ಲ. ಅವಳು ಮಾತ್ರ ನಡುನಡುವೆ ಒಬ್ಬಳೇ ನಗುತ್ತಿದ್ದಳು. ಆ ನಗು ನಮಗೆ ಸಿಗಲಿಲ್ಲ.

ವರ್ಷದ ಕೊನೆಗೆ ಅವಳು ಕಿರುಪ್ರಬಂಧ ಬರೆದಳು. ಅದರಲ್ಲಿ ‘ಅಂಚಿನ ಸಮುದಾಯ’ ಅಂತ ಎಲ್ಲೂ ಬರೆಯಲಿಲ್ಲ. ‘ಊರಿನವರು ಹೊರಗಿಟ್ಟ ಜನ’ ಅಂತ ಬರೆದಿದ್ದಳು. ತಿದ್ದಿದ ಪ್ರತಿ ವಾಪಸ್ ಬಂದಾಗ ನನಗೂ ತೋರಿಸಿದಳು. ಆ ಮಾತು ಬಂದ ಕಡೆಯಲ್ಲೆಲ್ಲ ಅಡಿಗೆರೆ. ಪಕ್ಕದ ಮಾರ್ಜಿನಿನಲ್ಲಿ ಕೆಂಪು ಪೆನ್ನು: ‘ಅಂಚಿನ ಸಮುದಾಯ ಎಂದು ಬಳಸಿ.’